ಮೆಟ್ಟಿಲ ಕೆಳಗಿನ ಅಂಗಡಿ: 90 ರೂಪಾಯಿಗೆ ಸರಿಹೋದ ಕಂಪ್ಯೂಟರ್ ಗಡಿಯಾರ

ರಾಯಚೂರಿನ ತೀನ್ ಕಂದೀಲ್ ಕಡೆಯ ಒಂದು ಸಂದಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಹುಡುಗನೊಬ್ಬ ಕೂಡುತ್ತಾನೆ. ಅದನ್ನು ಅಂಗಡಿ ಅನ್ನುವುದು ಕಷ್ಟ. ಮೇಲಿನ ಗೋದಾಮಿಗೆ ಹತ್ತುವ ಮೆಟ್ಟಿಲ ಕೆಳಗೆ ಒಂದು ಟೇಬಲ್ಲು, ಒಂದು ಟ್ಯೂಬ್‌ಲೈಟು, ಒಂದು ಪುಟ್ಟ ಫ್ಯಾನು. ಎದ್ದು ನಿಂತರೆ ಮೆಟ್ಟಿಲು ತಲೆಗೆ ಬಡಿಯುತ್ತದೆ. ನನಗೆ ಎರಡು ಸಲ ಬಡಿದಿದೆ. ಬೋರ್ಡು ಬಿಸಿಲಿಗೆ ಮಾಸಿ ‘ರಿಪೇರಿ’ ಅನ್ನುವ ಮೂರಕ್ಷರ ಮಾತ್ರ ಉಳಿದಿದೆ. ನಮ್ಮ ಓಣಿಯವರು ‘ಮೆಟ್ಟಿಲ ಕೆಳಗಿನ ಅಂಗಡಿ’ ಅಂತಲೇ ಕರೆಯುತ್ತಾರೆ.

ನಾನು ಅಲ್ಲಿಗೆ ಹೋಗಿದ್ದು ಮನೆಯ ಕಂಪ್ಯೂಟರಿನ ಗಡಿಯಾರ ಹಿಂದೆ ಬೀಳುತ್ತದೆ ಅಂತ. ಕೊಟ್ಟಿದ್ದು 90 ರೂಪಾಯಿ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಯಾಕೆ ಕಳೆದೆ ಅನ್ನುವುದನ್ನೂ ಹೇಳುತ್ತೇನೆ, ತಾಳಿ.

ನಾನು ಮನೆಯಲ್ಲೇ ಕೂತು ಡಿಟಿಪಿ ಮಾಡುವವಳು. ಮದುವೆ ಕಾರ್ಡು, ಶಾಲೆಯ ಪ್ರಶ್ನೆಪತ್ರಿಕೆ, ಜಾತ್ರೆಯ ಕರಪತ್ರ, ಕೆಲವೊಮ್ಮೆ ಕೋರ್ಟಿನ ಅರ್ಜಿ. ಟೈಪ್ ಮಾಡಿ, ಟ್ರೇಸಿಂಗ್ ತೆಗೆದು ಸ್ಕ್ರೀನ್ ಪ್ರಿಂಟಿನವರಿಗೆ ಕಳಿಸುತ್ತೇನೆ. ಕಂಪ್ಯೂಟರು 2015ರಲ್ಲಿ ಜೋಡಿಸಿಕೊಂಡದ್ದು. ಅದರಲ್ಲಿ ಇವತ್ತಿಗೂ ವಿಂಡೋಸ್ 7, ಪುಟ ಜೋಡಿಸುವ ಪೇಜ್‌ಮೇಕರ್ ಮತ್ತು ಕನ್ನಡ ಟೈಪ್ ಮಾಡುವ ನುಡಿ. ನಗಬೇಡಿ. ಹತ್ತು ವರ್ಷದ ಹಳೆಯ ಫೈಲುಗಳು ಇವತ್ತು ಬೇಕು ಅಂದರೆ ಇವತ್ತೇ ತೆರೆಯಬೇಕಲ್ವಾ? ಅದಕ್ಕೇ ಹೊಸದರ ಗೊಡವೆಗೆ ಹೋಗಿಲ್ಲ.

ಮೊದಲು ಗೊತ್ತಾಗಿದ್ದು ನಳದ ನೀರಿನಿಂದ. ನಮ್ಮ ಓಣಿಗೆ ನೀರು ಬರುವ ದಿನ ಬೆಳಿಗ್ಗೆ ಆರೂವರೆಗೆ ಬಿಡುತ್ತಾರೆ, ಏಳು ಅಂದರೆ ಮುಗಿಯಿತು. ನಾನು ಆರು ಗಂಟೆಗೇ ಕಂಪ್ಯೂಟರ್ ಮುಂದೆ ಕೂತಿರುತ್ತೇನೆ, ಮೂಲೆಯ ಗಡಿಯಾರ ನೋಡಿ ಏಳುತ್ತೇನೆ. ಮಾರ್ಚ್‌ನಲ್ಲಿ ಒಂದು ದಿನ ಹಾಗೆ ಎದ್ದು ಹೋದರೆ ನೀರು ಅರ್ಧ ಮುಗಿದಿತ್ತು. ಗಡಿಯಾರ 18 ನಿಮಿಷ ಹಿಂದಿತ್ತು. ಕೈಯಿಂದ ಸರಿ ಮಾಡಿದೆ. ಮತ್ತೆ ಹಿಂದೆ ಬಿತ್ತು. ನಡುವೆ ಒಂದೊಂದು ದಿನ ತಾನೇ ಸರಿ ಇರುತ್ತಿತ್ತು. ‘ಹೋಗಲಿ, ವಾಸಿ ಆಯಿತು’ ಅಂದುಕೊಳ್ಳುತ್ತಿದ್ದೆ. ವಾಸಿ ಆಗಿರಲಿಲ್ಲ. ಅದಕ್ಕೆ ಬೇರೆ ಕಾರಣ ಇತ್ತು, ಮುಂದೆ ಬರುತ್ತದೆ.

ಏಪ್ರಿಲ್‌ನಲ್ಲಿ ಕಂಪ್ಯೂಟರ್ ಚಾಲೂ ಮಾಡಿದರೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ. ‘ಸೀಮಾಸ್ ಚೆಕ್‌ಸಮ್ ಎರರ್’, ಮುಂದೆ ಹೋಗಲು ಎಫ್1 ಒತ್ತಿ ಅಂತ. ಒತ್ತಿದೆ. ತಾರೀಖು 2009ರ ಜನವರಿ 1 ಆಗಿತ್ತು. ಇಂಟರ್‌ನೆಟ್ ಇತ್ತು, ಆದರೆ ಮೇಲ್ ತೆರೆಯಲಿಲ್ಲ. ಸೈಟಿನ ಪ್ರಮಾಣಪತ್ರ ಸರಿಯಿಲ್ಲ, ನಿಮ್ಮ ಗಡಿಯಾರ ಹಿಂದಿದೆ ಅಂತ ಬ್ರೌಸರ್ ಹೇಳಿತು. ಅದೂ ನಿಜವೇ. ಪ್ರತಿ ಸೈಟಿನ ಪ್ರಮಾಣಪತ್ರಕ್ಕೂ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತದೆ. 2009ರಲ್ಲಿ ಕೂತು ನೋಡಿದರೆ ಅದು ಇನ್ನೂ ಹುಟ್ಟೇ ಇಲ್ಲ.

ಅವತ್ತು ಕೈಯಲ್ಲಿ ಅವಸರದ ಒಂದು ಮದುವೆ ಕಾರ್ಡಿತ್ತು. ಅಕ್ಷತಾರೋಪಣದ ಸಮಯ 12:35 ಅಂತ ಇದ್ದದ್ದನ್ನು 11:50 ಮಾಡಬೇಕಿತ್ತು. ತಿದ್ದಿದೆ, ಹೊಸ ಹೆಸರಿನಲ್ಲಿ ಉಳಿಸಿದೆ. ತಾರೀಖು ನೋಡಿಕೊಳ್ಳಲಿಲ್ಲ. ನನ್ನ ಫೋಲ್ಡರ್ ತಾರೀಖಿನ ಪ್ರಕಾರ ಜೋಡಿಸಿರುತ್ತದೆ, ಹೊಸದು ಮೇಲೆ. ತಿದ್ದಿದ ಫೈಲು 2009ರದ್ದಾಗಿ ಎಲ್ಲಕ್ಕಿಂತ ಕೆಳಗೆ ಹೋಗಿ ಕೂತಿತ್ತು. ಮರುದಿನ ಮೇಲಿನದನ್ನು ತೆರೆದು ಟ್ರೇಸಿಂಗ್ ತೆಗೆದೆ. 300 ಕಾರ್ಡು ಹಳೆಯ ಸಮಯದಲ್ಲೇ ಪ್ರಿಂಟಾದವು. ಹುಡುಗಿಯ ಸೋದರಮಾವ ಕಾರ್ಡು ಹಿಡಿದುಕೊಂಡು ಬಂದು, ‘ಅಕ್ಕಾರ, ಅಷ್ಟೊತ್ತಿಗೆ ನಾವು ಊಟಕ್ಕ ಕುಂತಿರ್ತೀವಲ್ರೀ’ ಅಂದರು. ಬೈಯಲಿಲ್ಲ, ಪುಣ್ಯ. 300 ಕಾರ್ಡಿನ ದುಡ್ಡು ನನ್ನ ಕೈಯಿಂದಲೇ ಹೋಯಿತು.

ಅವತ್ತೇ ಸಂಜೆ ಒಂದು ದೊಡ್ಡ ಅಂಗಡಿಗೆ ಹೋದೆ. ಗಾಜಿನ ಬಾಗಿಲು, ಏಸಿ. ಹೆಸರು ಬೇಡ. ಒಯ್ದಿದ್ದ ಸಿಪಿಯು ಡಬ್ಬಿಯನ್ನು ಮುಟ್ಟದೆ, ಕೂತಲ್ಲಿಂದಲೇ ಹೇಳಿದರು. ರಾಯಚೂರಿನ ಬಿಸಿಲಿಗೆ ಮದರ್‌ಬೋರ್ಡ್ ಹೋಗಿರುತ್ತದೆ ಮೇಡಂ, ಈ ಊರಿನಲ್ಲಿ ಇದು ಮಾಮೂಲು. ಹಳೆಯ ಮಾಡೆಲ್, ಸಿಗುವುದಿಲ್ಲ. ಸೆಕೆಂಡ್ ಹ್ಯಾಂಡ್ ಬೋರ್ಡು, ಪ್ರೊಸೆಸರ್ ಎಲ್ಲ ಸೇರಿ 6,500 ಆಗುತ್ತದೆ. ನಾನು ನಂಬಿಬಿಟ್ಟಿದ್ದೆ. ನಮ್ಮ ಬಿಸಿಲಿನ ಮೇಲೆ ಏನು ಹೇಳಿದರೂ ನಾವು ನಂಬುತ್ತೇವೆ. ಆದರೆ ಆ ವಾರ 6,500 ಇರಲಿಲ್ಲ. ಅಷ್ಟೇ ಕಾರಣ. ಪಕ್ಕದ ಮನೆಯವರು ಮೆಟ್ಟಿಲ ಕೆಳಗಿನ ಹುಡುಗನ ಹೆಸರು ಹೇಳಿದರು.

ಈ ಹುಡುಗನೂ ಡಬ್ಬಿ ಮುಟ್ಟಲಿಲ್ಲ. ಆದರೆ ಪ್ರಶ್ನೆ ಕೇಳಿದ.

‘ಬಿಚ್ಚೋದು ಆಮ್ಯಾಲ ಅಕ್ಕಾರ. ಟೈಮ್ ಯಾವಾಗ ಹಿಂದ ಬೀಳ್ತದ? ನೀವು ಕೆಲಸ ಮಾಡೂವಾಗೋ, ಬಂದ್ ಇದ್ದಾಗೋ?’

ನಾನು ಅದನ್ನು ಯೋಚಿಸಿಯೇ ಇರಲಿಲ್ಲ.

‘ರಾತ್ರಿ ಗ್ವಾಡಿ ಬೋರ್ಡಿನ ಸ್ವಿಚ್ಚೂ ಬಂದ್ ಮಾಡ್ತೀರೇನ್ರೀ?’

ಮಾಡುತ್ತೇನೆ ಅಂದೆ.

‘ಯಾವಾಗಿಂದ?’

ಅಲ್ಲಿ ಹೊಳೆಯಿತು. ಮೊದಲು ಯುಪಿಎಸ್ ಇತ್ತು, ಅದು ಯಾವಾಗಲೂ ಚಾಲೂ. ಎರಡು ವರ್ಷದ ಹಿಂದೆ ಯುಪಿಎಸ್ಸಿನ ಬ್ಯಾಟರಿ ಸತ್ತಿತು. ಆಮೇಲೆ ನೇರವಾಗಿ ಗೋಡೆಗೇ ಹಚ್ಚಿದ್ದು. ಗುಡುಗು ಸಿಡಿಲಿನ ಭಯ, ಕರೆಂಟ್ ಬಿಲ್ಲಿನ ಚಿಂತೆ. ಹಾಗಾಗಿ ರಾತ್ರಿ ಸ್ವಿಚ್ ಆರಿಸಿಯೇ ಮಲಗುವುದು.

ಹುಡುಗ ನಕ್ಕ. ‘ನಾಕು ದಿನ ಮನಿಗೆ ಒಯ್ರಿ. ಒಂದಿನ ಸ್ವಿಚ್ ಬಂದ್ ಮಾಡ್ರಿ, ಒಂದಿನ ಬಿಡ್ರಿ. ಮೊಬೈಲ್ ಟೈಮಿಗೆ ಹೋಲಿಸಿ ಬರದು ಇಡ್ರಿ. ಆಮ್ಯಾಲ ಬರ್ರಿ.’ ದುಡ್ಡು ತೆಗೆದುಕೊಳ್ಳಲಿಲ್ಲ. ಆಟೋಕ್ಕೆ ಎರಡು ಕಡೆ ಕೊಟ್ಟಿದ್ದು ನೆನೆದು ನನಗೆ ಸಿಟ್ಟೇ ಬಂದಿತ್ತು, ನಿಜ ಹೇಳಬೇಕು ಅಂದರೆ.

ಆದರೂ ಬರೆದೆ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ, ಅರ್ಧ ಲೀಟರ್ ಒಂದು ಲೀಟರ್ ಅನ್ನುವುದರ ಪಕ್ಕದಲ್ಲಿ. ಸೋಮವಾರ ರಾತ್ರಿ 9:40ಕ್ಕೆ ಬಂದ್ ಮಾಡಿ ಸ್ವಿಚ್ಚನ್ನೂ ಆರಿಸಿದೆ. ಬೆಳಿಗ್ಗೆ 6:10ಕ್ಕೆ ಹಚ್ಚಿದರೆ ಕಂಪ್ಯೂಟರಿನಲ್ಲಿ ಇನ್ನೂ ಹಿಂದಿನ ರಾತ್ರಿ 11:05! ಅಂದರೆ ಒಂದೂವರೆ ತಾಸು ಓಡಿ ನಿದ್ದೆ ಹೋಗಿದೆ. ಸರಿ ಮಾಡಿದೆ. ದಿನವಿಡೀ ಕೆಲಸ ಮಾಡಿದೆ, ರಾತ್ರಿ ನೋಡಿದರೆ ಮೊಬೈಲಿಗೂ ಅದಕ್ಕೂ ವ್ಯತ್ಯಾಸವೇ ಇಲ್ಲ. ಮಂಗಳವಾರ ಕಂಪ್ಯೂಟರ್ ಮಾತ್ರ ಬಂದ್ ಮಾಡಿ ಸ್ವಿಚ್ ಬಿಟ್ಟೆ. ಆ ರಾತ್ರಿ ಕರೆಂಟೂ ಹೋಗಲಿಲ್ಲ. ಬೆಳಿಗ್ಗೆ ಟೈಮ್ ಸರಿಯಾಗಿತ್ತು. ಬುಧವಾರ ಮತ್ತೆ ಸ್ವಿಚ್ ಆರಿಸಿದೆ. ಬೆಳಿಗ್ಗೆ ಮತ್ತೆ 2009.

ಗುರುವಾರ ಡಬ್ಬಿ ಮತ್ತು ಕ್ಯಾಲೆಂಡರ್ ಎರಡನ್ನೂ ಒಯ್ದೆ. ಕ್ಯಾಲೆಂಡರ್ ನೋಡಿಯೇ, ‘ಸೆಲ್ ಹೋಗ್ಯಾದ’ ಅಂದ. ಆಮೇಲೆ ಡಬ್ಬಿ ಬಿಚ್ಚಿದ.

ಮದರ್‌ಬೋರ್ಡಿನ ಮೇಲೆ ಒಂದು ರೂಪಾಯಿ ನಾಣ್ಯದಂಥ ಸೆಲ್ ಇರುತ್ತದೆ. ಅದರ ಹೆಸರು ಸಿಆರ್2032. ನಾನು ಅದು ಕಂಪನಿಯ ಯಾವುದೋ ನಂಬರು ಅಂದುಕೊಂಡಿದ್ದೆ. ಅಲ್ಲ, ಅದು ಅಳತೆ. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಒಳಗೆ ಲಿಥಿಯಂ, 3 ವೋಲ್ಟ್. ಕಂಪ್ಯೂಟರ್ ಬಂದ್ ಇದ್ದಾಗ ಗಡಿಯಾರದ ಚಿಪ್ಪನ್ನು ಎಚ್ಚರ ಇಡುವುದು ಇದರ ಕೆಲಸ. ಗೋಡೆಯ ಸ್ವಿಚ್ ಚಾಲೂ ಇದ್ದರೆ, ಕಂಪ್ಯೂಟರ್ ಬಂದ್ ಇದ್ದರೂ, ಡಬ್ಬಿಯೊಳಗೆ ಕರೆಂಟ್ ಹಂಚುವ ಎಸ್‌ಎಂಪಿಎಸ್‌ನಿಂದ ಸ್ವಲ್ಪ ಕರೆಂಟ್ ಬೋರ್ಡಿಗೆ ಬರುತ್ತಲೇ ಇರುತ್ತದೆ. ಆಗ ಸೆಲ್ಲಿಗೆ ಆರಾಮ. ಸ್ವಿಚ್ ಆರಿಸಿದರೆ ಪೂರ್ತಿ ಭಾರ ಸೆಲ್ಲಿನ ಮೇಲೆ. ಹಾಗೆ ನೋಡಿದರೆ ಅದು ಕುಡಿಯುವುದು ತೀರಾ ಕಡಿಮೆ, ಕೆಲವೇ ಮೈಕ್ರೋ ಆಂಪ್. ಪೂರ್ತಿ ಸೆಲ್ಲಿನ ಮೇಲೆಯೇ ನಡೆದರೂ ಐದಾರು ವರ್ಷ ಬರಬಹುದು. ನನ್ನದು ಯುಪಿಎಸ್ಸಿನ ನೆರಳಿನಲ್ಲಿ ಎಂಟು ವರ್ಷ ಸುಖವಾಗಿತ್ತು. ಯುಪಿಎಸ್ ಹೋದ ಮೇಲೆ ಎರಡು ವರ್ಷ ರಾತ್ರಿಪಾಳಿ ಮಾಡಿ ಸತ್ತಿತು.

ಮಲ್ಟಿಮೀಟರ್ ಹಚ್ಚಿ ತೋರಿಸಿದ. 2.1 ವೋಲ್ಟ್. ಅಷ್ಟಕ್ಕೆ ಗಡಿಯಾರ ಒಮ್ಮೆ ಓಡುತ್ತದೆ, ಒಮ್ಮೆ ನಿಲ್ಲುತ್ತದೆ. ಅದಕ್ಕೇ ಒಂದು ದಿನ 18 ನಿಮಿಷ, ಒಂದು ದಿನ ಏಳು ತಾಸು. ಇನ್ನೂ ಕೆಳಗೆ ಬಿದ್ದಾಗ ನೆನಪೇ ಹೋಗಿ, ಕಾರ್ಖಾನೆಯಲ್ಲಿ ಬರೆದಿಟ್ಟ ಮೊದಲ ತಾರೀಖಿಗೆ ಹೋಗಿ ನಿಲ್ಲುತ್ತದೆ. ನನ್ನ ಬೋರ್ಡಿಗೆ ಅದು 2009.

ಹಗಲು ಯಾಕೆ ತಪ್ಪುತ್ತಿರಲಿಲ್ಲ? ವಿಂಡೋಸ್ ಚಾಲೂ ಆಗುವಾಗ ಒಮ್ಮೆ ಆ ಚಿಪ್ಪನ್ನು ಟೈಮ್ ಕೇಳಿಕೊಳ್ಳುತ್ತದೆ. ಆಮೇಲೆ ತಾನೇ ಎಣಿಸಿಕೊಂಡು ಹೋಗುತ್ತದೆ. ಬೆಳಿಗ್ಗೆ ತಪ್ಪು ಟೈಮ್ ತೆಗೆದುಕೊಂಡರೆ ಸಂಜೆಯವರೆಗೆ ಅಷ್ಟೇ ತಪ್ಪು, ಜಾಸ್ತಿ ಆಗುವುದಿಲ್ಲ.

‘ಹಂಗಾದ್ರ ಬಿಸಿಲಿನ ಕಥಿ ಸುಳ್ಳೇನು?’ ಅಂತ ಕೇಳಿದೆ. ನನಗೆ ಅದರದ್ದೇ ಉರಿ.

ಪೂರ್ತಿ ಸುಳ್ಳಲ್ಲ ಅಂದ. ಸೆಲ್ಲಿನ ಹತ್ತಿರ ಇರುವ, ಜೀರಿಗೆ ಕಾಳಿಗಿಂತ ಸ್ವಲ್ಪ ದೊಡ್ಡದಾದ ಬೆಳ್ಳಿ ಬಣ್ಣದ ಕೊಳವೆ ತೋರಿಸಿದ. ಅದರೊಳಗೆ ಕ್ವಾರ್ಟ್ಜ್ ಹರಳು. ಸೆಕೆಂಡಿಗೆ 32,768 ಸಲ ನಡುಗುತ್ತದೆ. ಅದನ್ನು ಅರ್ಧ, ಮತ್ತೆ ಅರ್ಧ ಅಂತ 15 ಸಲ ಮಾಡಿದರೆ ಸರಿಯಾಗಿ ಒಂದು ಉಳಿಯುತ್ತದೆ. ಆ ಒಂದೇ ಸೆಕೆಂಡು. ಕೈಗಡಿಯಾರದಲ್ಲಿ ಇರುವುದೂ ಇಂಥದ್ದೇ. ಈ ಹರಳು 25 ಡಿಗ್ರಿ ಆಸುಪಾಸಿನಲ್ಲಿ ಸರಿಯಾಗಿ ನಡೆಯುತ್ತದೆ. ಸೆಕೆ ಆದರೂ ನಿಧಾನ, ಚಳಿ ಆದರೂ ನಿಧಾನ. ಡಬ್ಬಿಯೊಳಗೆ 45 ಡಿಗ್ರಿ ಅಂತ ಇಟ್ಟುಕೊಳ್ಳಿ. ಆಗ ದಿನಕ್ಕೆ ಒಂದು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಹಿಂದೆ ಬೀಳುತ್ತದೆ. ಹರಳು ಮಾಡುವಾಗಲೇ ಇರುವ ಸಣ್ಣ ಹೆಚ್ಚುಕಡಿಮೆ ಇನ್ನೊಂದು, ಒಂದೂಮುಕ್ಕಾಲು ಸೆಕೆಂಡ್ ಅನ್ನಿ. ಎರಡೂ ಸೇರಿದರೂ ತಿಂಗಳಿಗೆ ಒಂದೂವರೆ ನಿಮಿಷದ ಒಳಗೇ.

‘ಬಿಸಿಲಿಗೆ ತಿಂಗಳಿಗೆ ಒಂದ್ ನಿಮಿಷ ಹೋಗ್ತದ ಅಕ್ಕಾರ. ಒಂದೇ ರಾತ್ರಿಗೆ ಏಳು ತಾಸು ಹೋಗಂಗಿಲ್ಲ.’

ಈ ಒಂದು ಮಾತಿಗೇ ನಾನು ಎರಡು ಅಂಕ ಕೊಡುತ್ತೇನೆ. ಬಿಸಿಗೆ ಸೆಲ್ಲಿನ ಆಯುಷ್ಯ ಸ್ವಲ್ಪ ಕಡಿಮೆ ಆಗುವುದು ನಿಜ ಅಂತಲೂ ಹೇಳಿದ. ಬಿಸಿಲಿನ ಪಾಲು ಎಷ್ಟೋ ಅಷ್ಟು.

ನಾನು ಕೂತಿದ್ದಾಗಲೇ ಕಾಲೇಜಿನ ಹುಡುಗನೊಬ್ಬ ಲ್ಯಾಪ್‌ಟಾಪ್ ತಂದ. ಅವನದೂ ಟೈಮಿನದೇ ಗೋಳು, ಸೆಲ್ ಹಾಕಿಕೊಡು ಅಂತ. ಎಷ್ಟು ಹಿಂದೆ ಅಂತ ಕೇಳಿದರೆ ಐದೂವರೆ ತಾಸು. ಕರೆಕ್ಟಾಗಿ ಐದೂವರೆ. ‘ಲಿನಕ್ಸ್ ಹಾಕೀಯೇನು?’ ಅಂದ ನಮ್ಮ ಹುಡುಗ. ವಿಂಡೋಸ್‌ನಂಥದ್ದೇ ಇನ್ನೊಂದು ವ್ಯವಸ್ಥೆ ಅದು. ಹೌದು, ವಿಂಡೋಸ್ ಜೊತೆಗೆ ಅದೂ ಇತ್ತು. ಲಿನಕ್ಸ್ ಚಿಪ್ಪಿನಲ್ಲಿ ಜಾಗತಿಕ ಸಮಯ ಬರೆಯುತ್ತದೆ. ವಿಂಡೋಸ್ ಅದನ್ನೇ ನಮ್ಮೂರಿನ ಸಮಯ ಅಂತ ಓದುತ್ತದೆ. ನಮಗೂ ಜಾಗತಿಕ ಸಮಯಕ್ಕೂ ಐದೂವರೆ ತಾಸಿನ ಅಂತರ. ಲಿನಕ್ಸಿನಲ್ಲಿ ಒಂದು ಸಾಲು ಟೈಪ್ ಮಾಡಿಸಿ ಕಳಿಸಿದ. ದುಡ್ಡಿಲ್ಲ. ತಪ್ಪು ಲೆಕ್ಕಕ್ಕೆ ಸರಿಯಾಗಿ ಬಂದರೆ ಸೆಲ್ಲಿನ ಮೇಲೆ ಅನುಮಾನ ಪಡಬಾರದಂತೆ. ಸೆಲ್ಲಿನ ತಪ್ಪು ಯಾವತ್ತೂ ಅಡ್ಡಾದಿಡ್ಡಿ.

ಸೆಲ್ ಹಾಕುವುದು ಎರಡು ನಿಮಿಷದ ಕೆಲಸ. ಪ್ಲಗ್ ಕಿತ್ತ. ಡಬ್ಬಿಯ ಲೋಹ ಮುಟ್ಟಿದ, ಮೈಯಲ್ಲಿನ ಕರೆಂಟ್ ಇಳಿಯಲಿ ಅಂತ. ಪಕ್ಕದ ಸಣ್ಣ ಕೊಕ್ಕೆ ಒತ್ತಿದರೆ ಹಳೆಯದು ಹಾರಿ ಬಂತು. ಹೊಸದನ್ನು ಪ್ಲಸ್ ಗುರುತು ಮೇಲೆ ಬರುವ ಹಾಗೆ ಇಟ್ಟ. ಡಿಲೀಟ್ ಕೀ ಒತ್ತಿ ಬಯೋಸ್‌ಗೆ, ಅಂದರೆ ವಿಂಡೋಸ್‌ಗಿಂತ ಮೊದಲು ಬರುವ ಸೆಟ್ಟಿಂಗ್ ಪರದೆಗೆ, ಹೋಗಿ ತಾರೀಖು, ಟೈಮ್ ಹಾಕಿದ. ಹಳೆಯ ಸೆಲ್ಲಿಗೆ ಟೇಪ್ ಸುತ್ತಿ ತನ್ನ ಡಬ್ಬಿಗೆ ಹಾಕಿಕೊಂಡ. ಮಕ್ಕಳಿರುವ ಮನೆಗೆ ಅದನ್ನು ಕೊಡುವುದಿಲ್ಲವಂತೆ. ಒಳ್ಳೆಯದೇ ಮಾಡಿದ. ಇಂಥ ಸೆಲ್ ಮಗು ನುಂಗಿದರೆ ಒಂದೆರಡು ತಾಸಿನಲ್ಲೇ ಅನ್ನನಾಳ ಸುಟ್ಟುಹೋಗಬಹುದು. ಸೆಲ್ಲಿಗೆ 40, ಕೆಲಸಕ್ಕೆ 50.

ಇನ್ನು ನಡುವೆ ತಾನೇ ಸರಿಹೋಗುತ್ತಿದ್ದ ಗುಟ್ಟು. ವಿಂಡೋಸ್ 7 ವಾರಕ್ಕೊಮ್ಮೆ ಇಂಟರ್‌ನೆಟ್ಟಿನಲ್ಲಿ ಟೈಮ್ ಕೇಳಿ ತಿದ್ದಿಕೊಳ್ಳುತ್ತದೆ. ಸೆಲ್ ಸಾಯುತ್ತಿದ್ದದ್ದನ್ನು ಅದು ಮುಚ್ಚಿಡುತ್ತಿತ್ತು. ಹಾಗಾದರೆ 2009ಕ್ಕೆ ಹೋದಾಗ ಯಾಕೆ ತಿದ್ದಲಿಲ್ಲ? ತಪ್ಪು 15 ತಾಸಿಗಿಂತ ಜಾಸ್ತಿ ಇದ್ದರೆ ಅದು ಮುಟ್ಟುವುದೇ ಇಲ್ಲ. ಮೊದಲು ತಾರೀಖು ನೀವೇ ಸರಿ ಮಾಡಿ ಅನ್ನುತ್ತದೆ. ಇದು ಗೊತ್ತಿದ್ದರೆ ನಾನು ‘ಈಗಲೇ ತಿದ್ದು’ ಬಟನ್ನನ್ನು ಅಷ್ಟು ಸಲ ಒತ್ತುತ್ತಿರಲಿಲ್ಲ.

ಹುಡುಗ ಅಲ್ಲಿ ಇನ್ನೊಂದು ಕೆಲಸ ಮಾಡಿಕೊಟ್ಟ. ಇಂಟರ್‌ನೆಟ್ ಟೈಮ್ ಅನ್ನುವ ಜಾಗದಲ್ಲಿ ಇದ್ದ ವಿಳಾಸ ತೆಗೆದು ಟೈಮ್ ಡಾಟ್ ಎನ್‌ಪಿಎಲ್‌ಇಂಡಿಯಾ ಡಾಟ್ ಆರ್ಗ್ ಅಂತ ಹಾಕಿದ. ಇದು ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ್ದು. ದೇಶದ ಸಮಯ ಕಾಯುವುದು ಅವರೇ, ಪರಮಾಣು ಗಡಿಯಾರಗಳನ್ನು ಇಟ್ಟುಕೊಂಡು. ಹಳೆಯ ವಿಳಾಸವೂ ಕೆಟ್ಟದ್ದೇನಲ್ಲ, ಆದರೆ ನನಗೆ ಇದು ಖುಷಿ ಆಯಿತು.

ಈ ವಿಷಯ ನಮ್ಮ ಓಣಿಯ ಐನೋರಿಗೆ ಹೇಳಿದೆ, ಮುಹೂರ್ತ ತಿದ್ದಿಸಲು ಅವರು ಆಗಾಗ ಬರುತ್ತಿರುತ್ತಾರೆ. ಅವರು ಬೇರೆಯೇ ಲೆಕ್ಕ ತೆಗೆದರು. ಭಾರತದ ಸಮಯ 82 ಡಿಗ್ರಿ 30 ನಿಮಿಷದ ರೇಖಾಂಶದ್ದು. ರಾಯಚೂರು ಇರುವುದು 77 ಡಿಗ್ರಿ ದಾಟಿ ಸ್ವಲ್ಪ ಈಚೆಗೆ. ಒಂದು ಡಿಗ್ರಿಗೆ 4 ನಿಮಿಷ. ಅಂದರೆ ನಮ್ಮೂರಿನ ಸೂರ್ಯನ ಟೈಮ್ ಗಡಿಯಾರಕ್ಕಿಂತ ಸುಮಾರು 20 ನಿಮಿಷ ಹಿಂದೆ. ‘ನಿನ್ನ ಕಂಪ್ಯೂಟರು 18 ನಿಮಿಷ ಹಿಂದಿತ್ತಲ್ಲವ್ವಾ, ಅದು ಪಕ್ಕಾ ರಾಯಚೂರಿನ ಟೈಮು’ ಅಂತ ನಕ್ಕರು. ನೀರು ಬಿಡುವವರಿಗೆ ಇದನ್ನು ಯಾರಾದರೂ ಹೇಳಬೇಕು.

ಈಗ ಕಳೆದ ಆ ಒಂದು ಅಂಕ. ಸೆಲ್ ಹಾಕಿಸಿ ಮೂರೇ ವಾರ, ಮತ್ತೆ ಬೆಳಿಗ್ಗೆ ಎರಡು ತಾಸು ಹಿಂದೆ! ಡಬ್ಬಿ ಎತ್ತಿಕೊಂಡು ಹೋದೆ. ಅಳೆದರೆ 2.6 ವೋಲ್ಟ್. ಹಳೆಯ ಸೆಲ್ಲನ್ನು ಅಳೆದು ತೋರಿಸಿದವನು ಹೊಸದನ್ನು ಅಳೆದೇ ಇರಲಿಲ್ಲ. ಎಲ್ಲೋ ಬಹಳ ದಿನ ಬಿದ್ದಿದ್ದ ಮಾಲು. ‘ತಮ್ಮಾ, ನಾನು ಕಾರ್ಡಿನ ಪ್ರೂಫ್ ನೋಡದ್ದಕ್ಕೂ ನೀನು ಇದನ್ನ ನೋಡದ್ದಕ್ಕೂ ಏನು ಫರಕು?’ ಅಂದೆ. ಮಾತಾಡಲಿಲ್ಲ. ಆ ಪಟ್ಟಿಯ ಉಳಿದ ನಾಲ್ಕೂ ಸೆಲ್ ಅಳೆದ. ಎರಡು ಕೆಟ್ಟಿದ್ದವು. ಪಟ್ಟಿ ಪೂರ್ತಿ ಕಸಕ್ಕೆ ಹಾಕಿದ. ಬೇರೆ ಕಂಪನಿಯದು ತೆಗೆದು, ನನ್ನ ಮುಂದೆಯೇ ಅಳೆದು, 3.2 ತೋರಿಸಿ ಹಾಕಿದ. ದುಡ್ಡು ತೆಗೆದುಕೊಳ್ಳಲಿಲ್ಲ. ಆಟೋದ ದುಡ್ಡು ಮಾತ್ರ ನನ್ನದೇ. ನೀವು ಅಂಗಡಿಯಿಂದ ಸೆಲ್ ತಂದು ಮನೆಯಲ್ಲೇ ಹಾಕುವುದಾದರೂ ಪ್ಯಾಕೆಟ್ ಮೇಲಿನ ತಾರೀಖು ನೋಡಿ. ಸಾಧ್ಯವಾದರೆ ಮೀಟರ್ ಇರುವ ಕಡೆ ತೆಗೆದುಕೊಳ್ಳಿ. ಹೊಸ ಸೆಲ್ ಮೂರಕ್ಕಿಂತ ಸ್ವಲ್ಪ ಮೇಲೆಯೇ ತೋರಿಸಬೇಕು.

ಆಮೇಲೆ ಏಳು ತಿಂಗಳು ಆಗಿದೆ, ಏನೂ ತೊಂದರೆ ಇಲ್ಲ. ಫೋಲ್ಡರ್‌ಗಳನ್ನು ಮಾತ್ರ ಈಗ ತಾರೀಖಿನ ಬದಲು ಹೆಸರಿನ ಪ್ರಕಾರ ಜೋಡಿಸುತ್ತೇನೆ. ರಾತ್ರಿ ಸ್ವಿಚ್ ಆರಿಸುವುದನ್ನು ಬಿಟ್ಟಿಲ್ಲ. ಐದು ವರ್ಷಕ್ಕೊಮ್ಮೆ 40 ರೂಪಾಯಿ ಹೋದರೆ ಹೋಗಲಿ, ಸಿಡಿಲಿನ ಭಯ ನನಗೆ ಜಾಸ್ತಿ.

ಹೋಗುವವರಿಗೆ: ಹುಡುಗ ಬೆಳಿಗ್ಗೆ ಹನ್ನೊಂದೂವರೆಗೆ ಮುಂಚೆ ಬರುವುದಿಲ್ಲ. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಹೋಗಿರುತ್ತಾನೆ, ಮೂರರ ಮೇಲೆ ಹೋಗಿ. ಬಿಲ್ಲು ಕೊಡುವುದಿಲ್ಲ, ಫೋನ್‌ಪೇ ನಡೆಯುತ್ತದೆ. ಮಾನಿಟರ್ ಅವನ ಹತ್ತಿರ ಇದೆ, ಸಿಪಿಯು ಡಬ್ಬಿ ಒಂದೇ ಒಯ್ದರೆ ಸಾಕು. ಟೈಮಿನ ತೊಂದರೆಗೇ ಹೋಗುವುದಾದರೆ ಮೊದಲೇ ನಾಲ್ಕು ದಿನ ಬರೆದುಕೊಂಡು ಹೋಗಿ. ಒಂದು ಸಲದ ಆಟೋ ಉಳಿಯುತ್ತದೆ.